ಮಡಿಕೇರಿಯ ಬಾಡಿಗೆ ಮನೆಗೆ ಆಯಿಲ್ ಹೀಟರ್ ತರಲೋ, ಬ್ಲೋವರ್ ತರಲೋ? ಯಾವುದಕ್ಕೆ ಕರೆಂಟ್ ಕಡಿಮೆ?

ಎರಡನ್ನೂ ಈಗಲೇ ತರಬೇಡಿ. ಮಹಡಿ ಮೇಲಿನ ಮನೆ, ಪಶ್ಚಿಮದ ಕಡೆ ಮಲಗುವ ಕೋಣೆ, ಬೀರುವಿನ ಹಿಂದೆ ಬೂಷ್ಟು, ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಇದೆ ಅಂತ ಬರೆದಿದ್ದೀರಲ್ಲ, ದಾವಣಗೆರೆಯಿಂದ ವರ್ಗವಾಗಿ ಬಂದಾಗ ಮಹದೇವಪೇಟೆ ಹತ್ತಿರ ನಾವು ಹಿಡಿದಿದ್ದು ಥೇಟ್ ಅಂಥದ್ದೇ ಮನೆ. ಅಂಗಡಿಯಲ್ಲಿ ನಿಂತು ನಾನು ಕೇಳಿದ್ದೂ ಇದೇ ಪ್ರಶ್ನೆ. ಅಂಗಡಿಯವರು ಆಯಿಲ್ ಹೀಟರ್ ಅಂದರು, ತಂದೆ.

ಮೊದಲು ನಿಮ್ಮ ಪ್ರಶ್ನೆ ಮುಗಿಸಿಬಿಡುತ್ತೇನೆ. ಆಯಿಲ್ ಆಗಲಿ, ಬ್ಲೋವರ್ ಆಗಲಿ, ಕೆಂಪಗೆ ಉರಿಯುವ ರಾಡ್ ಆಗಲಿ, ಒಂದು ಯೂನಿಟ್ ಕರೆಂಟಿಗೆ ಕೊಡುವ ಶಾಖ ಒಂದೇ. 2,000 ವ್ಯಾಟ್‌ನದ್ದು ಯಾವುದೇ ಇರಲಿ, ಪೂರ್ತಿ ಒಂದು ಗಂಟೆ ಉರಿದರೆ ಎರಡು ಯೂನಿಟ್. ಆಯಿಲ್‌ನದ್ದು ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ, ಬ್ಲೋವರ್ ತಕ್ಷಣ ಬಿಸಿ ಊದುತ್ತದೆ, ವ್ಯತ್ಯಾಸ ಅಷ್ಟೇ. ಉಳಿತಾಯ ಆಗುವುದು ಥರ್ಮೋಸ್ಟಾಟ್ ಕಟ್ ಆದಾಗ ಮಾತ್ರ. ಕೋಣೆ ಬೆಚ್ಚಗಾದ ಮೇಲೆ ಅದು ಟಕ್ ಅಂತ ಆಫ್ ಆಗಬೇಕು. ನಮ್ಮ ಕೋಣೆಯಲ್ಲಿ ಆ ಟಕ್ ಸದ್ದು ನಾನು ಕೇಳಲೇ ಇಲ್ಲ. ರಾತ್ರಿ ಎಂಟಕ್ಕೆ ಹಾಕಿದರೆ ಹನ್ನೆರಡಕ್ಕೆ ನಾನೇ ಎದ್ದು ಆರಿಸುವವರೆಗೂ ಉರಿಯುತ್ತಿತ್ತು. ಮಗಳಿಗೆ ಕೆಮ್ಮು, ಹಾಗಾಗಿ ಆರಿಸಲು ಮನಸ್ಸೇ ಬರುತ್ತಿರಲಿಲ್ಲ.

ಈಗ ನನ್ನ ದುಡ್ಡು ಹೋದ ಜಾಗಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಪ್ರಶ್ನೆಯ ಕೊನೆಯಲ್ಲಿ "ಹೇಗೂ ಗೃಹಜ್ಯೋತಿ ಇದೆ, ಹೆಚ್ಚಾದಷ್ಟಕ್ಕೆ ಮಾತ್ರ ಕಟ್ಟಿದರಾಯಿತು" ಅಂತ ಬರೆದಿದ್ದೀರಿ. ನಾನೂ ಹಾಗೇ ತಿಳಿದಿದ್ದೆ. ಅದು ಅರ್ಧ ಮಾತ್ರ ನಿಜ. 2023ರಲ್ಲಿ ಯೋಜನೆ ಬಂದಾಗ 2022-23ರ ಸರಾಸರಿ ಬಳಕೆ ನೋಡಿ, ಅದಕ್ಕೆ ಶೇ. 10 ಸೇರಿಸಿ, ಆ ಮನೆಯ ಮೀಟರಿನ ಆರ್.ಆರ್. ನಂಬರಿಗೆ ಇಷ್ಟು ಯೂನಿಟ್ ಉಚಿತ ಅಂತ ಗೊತ್ತು ಮಾಡಿದರು. ಆ ಮಿತಿ ದಾಟಿಯೂ 200 ಯೂನಿಟ್ ಒಳಗೇ ಇದ್ದರೆ, ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. ಆದರೆ 200 ದಾಟಿದಿರೋ, ಆ ತಿಂಗಳ ಇಡೀ ಬಿಲ್ ನಿಮ್ಮದು. ಮೊದಲು ಉಚಿತವಾಗಿದ್ದ ಯೂನಿಟ್ಟಿಗೂ ಕಟ್ಟಬೇಕು.

ಲೆಕ್ಕ ಹಾಕಿ ನೋಡಿ. ಮನೆಯ ಮಾಮೂಲಿ ಬಳಕೆ 70 ಯೂನಿಟ್ ಅಂದುಕೊಳ್ಳಿ, ಉಚಿತದ ಮಿತಿ 77. ಹೀಟರ್ ದಿನಕ್ಕೆ ನಾಲ್ಕು ಗಂಟೆ ಉರಿದರೆ 8 ಯೂನಿಟ್, ತಿಂಗಳಿಗೆ 240. ಹೀಟರ್ ಒಂದೇ 200 ದಾಟಿಸಿತು. ಒಟ್ಟು 310 ಯೂನಿಟ್, ಯೂನಿಟ್ಟಿಗೆ ಆರು ರೂಪಾಯಿ ಅಂದರೂ 1,860, ಅದರ ಮೇಲೆ ನಿಗದಿತ ಶುಲ್ಕ, ತೆರಿಗೆ. ಅದೇ ಹೀಟರ್ ದಿನಕ್ಕೆ ಒಂದು ಗಂಟೆಗೆ ಸಾಕಾಗಿದ್ದರೆ ಒಟ್ಟು 130 ಯೂನಿಟ್ ಆಗುತ್ತಿತ್ತು, 53 ಯೂನಿಟ್ಟಿಗೆ ಮುನ್ನೂರು ಚಿಲ್ಲರೆ ಕಟ್ಟಿದರೆ ಮುಗಿಯುತ್ತಿತ್ತು. ಹಿಂದಿನ ತಿಂಗಳು ಸೊನ್ನೆ ಇದ್ದ ಬಿಲ್ ಎರಡು ಸಾವಿರ ದಾಟಿ ಬಂದಾಗ ಮೀಟರ್ ಕೆಟ್ಟಿದೆ ಅಂತ ಇಲ್ಲಿಗೆ ಕರೆಂಟ್ ಕೊಡುವ ಚೆಸ್ಕಾಂ ಕಚೇರಿಗೇ ಹೋಗಿದ್ದೆ. ಮೀಟರ್ ಸರಿಯಾಗೇ ಇತ್ತು.

ಹಾಗಾದರೆ ಅಷ್ಟೊಂದು ಶಾಖ ಹೋಗುತ್ತಿದ್ದದ್ದು ಎಲ್ಲಿಗೆ? ಅರ್ಧ ಶಾಖ, ಕಿಟಕಿ ಮೇಲಿನ ವೆಂಟಿಲೇಟರಿಗೆ. ಹಳೇ ಮನೆಗಳಲ್ಲಿ ಅದಕ್ಕೆ ಗಾಜಿರುವುದಿಲ್ಲ, ಸೊಳ್ಳೆ ಜಾಲರಿ ಮಾತ್ರ. ಬಿಸಿಗಾಳಿ ಮೇಲೇರಿ ಅಲ್ಲಿಂದ ಹೊರಗೆ, ಬಾಗಿಲ ಸಂದಿಯಿಂದ ತಣ್ಣನೆ ಗಾಳಿ ಒಳಗೆ. ಉಳಿದರ್ಧ ಗೋಡೆಗೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದ ಬೀಸುವ ಮಳೆ ಪಶ್ಚಿಮದ ಗೋಡೆಗೆ ರಾಚುತ್ತದೆ. ಆ ಗೋಡೆ ಕುಡಿದ ನೀರು ಡಿಸೆಂಬರಿಗೂ ಆರಿರುವುದಿಲ್ಲ. ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ಶಾಖ ಸಾಗಿಸುತ್ತದೆ, ಹಾಗಾಗಿ ಒದ್ದೆ ಗೋಡೆ ಒಳಗಿನ ಬಿಸಿಯನ್ನು ಸಲೀಸಾಗಿ ಹೊರಕ್ಕೆ ದಾಟಿಸುತ್ತದೆ. ಮೇಲಾಗಿ ಗೋಡೆಯ ಒಂದು ಲೀಟರ್ ನೀರು ಆವಿಯಾಗಲು ಅರ್ಧ ಯೂನಿಟ್ಟಿಗಿಂತ ಹೆಚ್ಚು ಶಾಖ ಬೇಕು. ನಾನು ದುಡ್ಡು ಕೊಟ್ಟು ಕರೆಂಟಿನಲ್ಲಿ ಗೋಡೆ ಒಣಗಿಸುತ್ತಿದ್ದೆ.

ಇಷ್ಟರ ಮೇಲೆ ಚಳಿ ಅಂತ ಹಗಲಿಡೀ ಕಿಟಕಿ ಮುಚ್ಚಿಡುತ್ತಿದ್ದೆವು. ಅಡಿಗೆಯ ಹಬೆ, ಉಸಿರಿನ ತೇವ, ಒಳಗೇ ಹರವಿದ ಬಟ್ಟೆಯ ನೀರು ಎಲ್ಲ ಆ ತಣ್ಣನೆ ಗೋಡೆಗೇ ಹೋಗಿ ಕೂರುತ್ತಿತ್ತು. ಕೆಳಗಿನ ಮನೆಯ ಅಜ್ಜಿ ಒಂದು ಮಧ್ಯಾಹ್ನ ಮೇಲೆ ಬಂದವರು, "ಎಂಥದು ಮಗಾ ಇದು, ಹೊರಗೆ ಇಷ್ಟು ಒಳ್ಳೆ ಬಿಸಿಲಿದೆ, ಕಿಟಕಿ ತೆಗಿ ಮೊದಲು" ಅಂತ ತಾವೇ ಪರದೆ ಸರಿಸಿದರು. ನನಗೆ ದಾರಿ ತೋರಿಸಿದ್ದು ಆ ಅಜ್ಜಿ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದ್ದರೂ ಹಿಮಾಲಯ ಅಲ್ಲ. ಡಿಸೆಂಬರ್, ಜನವರಿಯಲ್ಲಿ ರಾತ್ರಿ 12-14 ಡಿಗ್ರಿಗೆ ಇಳಿದರೂ ಹಗಲು 24-25 ಇರುತ್ತದೆ. ಮಧ್ಯಾಹ್ನ ನಿಮ್ಮ ಕೋಣೆಗಿಂತ ಬೀದಿಯೇ ಬೆಚ್ಚಗಿರುತ್ತದೆ. ಆ ಬಿಸಿ ಪುಕ್ಕಟೆ, ಅದನ್ನು ಒಳಗೆ ಬಿಟ್ಟುಕೊಳ್ಳಬೇಕು. ಮಂಜು ಕರಗಿದ ಮೇಲೆ, ಹನ್ನೊಂದರ ಹೊತ್ತಿಗೆ ಎಲ್ಲ ಕಿಟಕಿ ತೆಗೆಯಿರಿ, ನಾಲ್ಕಕ್ಕೆ ಮುಚ್ಚಿ ದಪ್ಪ ಪರದೆ ಎಳೆಯಿರಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆದ್ದರಿಂದ ದಕ್ಷಿಣದ ಕೋಣೆ ಇದ್ದರೆ ಮಲಗುವುದನ್ನು ಅಲ್ಲಿಗೇ ಬದಲಿಸಿ. ನಾವು ಹಾಲ್‌ನಲ್ಲೇ ಹಾಸಿಗೆ ಹಾಕಿದೆವು. ನೆಂಟರು ಬಂದರೆ ಸರಿಯಿರಲ್ಲ ಅಂತ ಮನೆಯವಳು ಮೊದಲು ಒಪ್ಪಲಿಲ್ಲ, ಮಗಳ ಕೆಮ್ಮು ಇಳಿದ ಮೇಲೆ ಆ ಮಾತು ನಿಂತಿತು.

ಮೊಳೆ ಹೊಡೆಯದೆ, ಓನರ್‌ಗೆ ಹೇಳದೆ ಮಾಡಬಹುದಾದದ್ದು ಸಾಕಷ್ಟಿದೆ. ವೆಂಟಿಲೇಟರಿಗೆ ಥರ್ಮೋಕೋಲ್ ಹಲಗೆ ಅಳತೆಗೆ ಕತ್ತರಿಸಿ ಒತ್ತಿ ಕೂರಿಸಿ, ಹಗಲು ತೆಗೆದಿಡಿ. ಬಚ್ಚಲು, ಅಡಿಗೆಮನೆಯದ್ದನ್ನು ಮಾತ್ರ ಮುಟ್ಟಬೇಡಿ, ಅಲ್ಲಿ ಗಾಳಿಯಾಡಲೇಬೇಕು. ಬಾಗಿಲ ಬುಡಕ್ಕೆ ಹಳೇ ಸೀರೆ ಸುತ್ತಿದ ಉರುಳೆ, ಕಿಟಕಿ ಚೌಕಟ್ಟಿಗೆ ಫೋಮ್ ಟೇಪ್, ನೆಲಕ್ಕೆ ಜಮಖಾನ. ಮಂಚವನ್ನೂ ಬೀರುವನ್ನೂ ಹೊರಗೋಡೆಯಿಂದ ಒಂದಡಿ ಈಚೆಗೆ ಸರಿಸಿ. ಬೂಷ್ಟು ಒರೆಸಿದ ಮೇಲೆ ಹಗಲು ಫ್ಯಾನ್ ಹಾಕಿ ಗೋಡೆ ಆರಲು ಬಿಡಿ.

ಇಷ್ಟಾದ ಮೇಲೂ ಚಳಿ ಅನ್ನಿಸಿದರೆ ಕೋಣೆ ಬಿಟ್ಟು ಹಾಸಿಗೆ ಬಿಸಿ ಮಾಡಿ. 100 ವ್ಯಾಟ್‌ನ ಎಲೆಕ್ಟ್ರಿಕ್ ಬ್ಲಾಂಕೆಟ್ ಎಂಟು ಗಂಟೆ ಉರಿದರೂ ಒಂದು ಯೂನಿಟ್ ಆಗುವುದಿಲ್ಲ. ಮಲಗುವ ಮುಂಚೆ ಒಂದು ಗಂಟೆ ಹಾಕಿ ಆರಿಸಿ, ಮೇಲೊಂದು ಕಂಬಳಿ ಹೊದ್ದರೆ ಸಾಕು. ಚಿಕ್ಕ ಮಕ್ಕಳಿಗೆ ಅದು ಬೇಡ, ಬಿಸಿನೀರಿನ ಚೀಲ ಬಟ್ಟೆಯಲ್ಲಿ ಸುತ್ತಿ ಹಾಸಿಗೆಯಲ್ಲಿಟ್ಟು, ಮಗು ಮಲಗುವಾಗ ತೆಗೆದುಬಿಡಿ. ಹೀಟರ್ ಬೇಕೇ ಬೇಕೆಂದರೆ 16 ಆಂಪಿಯರ್‌ನ ದೊಡ್ಡ ಪ್ಲಗ್ಗಿಗೆ ನೇರವಾಗಿ ಹಾಕಿ. 2,000 ವ್ಯಾಟ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್ಗೂ ಎಕ್ಸ್‌ಟೆನ್ಷನ್ ಬಾಕ್ಸೂ ಅದನ್ನು ತಾಳುವುದಿಲ್ಲ.

ಇನ್ನು, ಕೆಂಡ ತುಂಬಿದ ಅಗ್ಗಿಷ್ಟಿಕೆ ಅಗ್ಗ ಅಂತ ಇಲ್ಲಿ ಯಾರಾದರೂ ಬರೆದಾರು. ಮುಚ್ಚಿದ ಕೋಣೆಯೊಳಗೆ ದಯವಿಟ್ಟು ಬೇಡ. ಹೊಗೆ ನಿಂತ ಮೇಲೂ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತಲೇ ಇರುತ್ತದೆ, ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ನಿದ್ದೆಯಲ್ಲಿದ್ದವರಿಗೆ ಎಚ್ಚರವೂ ಆಗುವುದಿಲ್ಲ. ಬಚ್ಚಲಿನೊಳಗಿನ ಗ್ಯಾಸ್ ಗೀಸರಿಗೂ ಇದೇ ಮಾತು.

ಓನರ್ ಹತ್ತಿರ ಕೇಳಬೇಕಾದದ್ದು ಒಂದೇ: ಪಶ್ಚಿಮದ ಗೋಡೆಗೆ ಮಳೆ ರಾಚದ ಹಾಗೆ ಹೊರಗಡೆಯಿಂದ ಶೀಟ್ ಹೊಡೆಸುವುದು. ಇಲ್ಲಿನವರು ಮಳೆಗೆ ಮುಂಚೆ ಮಾಡಿಸುವ ಕೆಲಸವೇ ಅದು. ನಮ್ಮ ಓನರ್ ಅದರ ಖರ್ಚನ್ನು ನಾವು ಕೊಟ್ಟ ಅಡ್ವಾನ್ಸಿನಲ್ಲಿ ಹಿಡಿಯುತ್ತೇನೆ ಅಂದರು, ಹಾಗಾಗಿ ಆ ಮನೆ ಬಿಟ್ಟೆವು. ನೀವು ಫೆಬ್ರವರಿಯಲ್ಲೇ ಕೇಳಿ. ಆಗ ಗೋಡೆ ಒಣಗಿರುತ್ತದೆ, ಕೆಲಸ ಮುಗಿಸಲು ಮೇ ತಿಂಗಳವರೆಗೆ ಸಮಯ ಇರುತ್ತದೆ. ಆಗಲ್ಲ ಅಂದರೆ ಅಗ್ರಿಮೆಂಟ್ ಮುಂದುವರಿಸಬೇಡಿ, ಮಳೆ ಹಿಡಿಯುವ ಮೊದಲೇ ಬೇರೆ ಮನೆ ನೋಡಿ. ನೋಡಲು ಹೋದಾಗ ಪಶ್ಚಿಮದ ಗೋಡೆಗೆ ಅಂಗೈ ಒತ್ತಿ ತಣ್ಣಗೆ, ತೇವ ಇದೆಯಾ ಅಂತ ನೋಡಿ, ಬೀರುವಿನ ಹಿಂದೆ ಹೊಸದಾಗಿ ಬಳಿದ ಸುಣ್ಣ ಕಂಡರೆ ಏಕೆ ಬಳಿದಿದ್ದು ಅಂತ ಕೇಳಿ.