ಇಲಿಗಳ ಪ್ರಯೋಗ ಕೊನೆಯ ಪುಟದಲ್ಲಿ ಯಾಕಿದೆ?

ನಮಸ್ಕಾರ,

ಜೀವಕೋಶಗಳು ಕೆಟ್ಟ ಪ್ರೋಟೀನುಗಳನ್ನು ಹೇಗೆ ಸರಿಮಾಡುತ್ತವೆ, ಹೇಗೆ ತೆಗೆದುಹಾಕುತ್ತವೆ, ಇದರಿಂದ ಮೆದುಳು ಹೇಗೆ ಉಳಿಯುತ್ತದೆ ಎಂದು ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಡಬೇಡಿ, ತಿದ್ದಿ ಕಳಿಸಿ.

ಮೊದಲ ಎರಡು ಪುಟ ಬರೀ ಹೆಸರುಗಳು. ಒಂದು ಅರ್ಥವಾಗುವಷ್ಟರಲ್ಲಿ ಇನ್ನೊಂದು ಬರುತ್ತದೆ. ಕೆಲಸ ಮೊದಲು ಹೇಳಿ, ಹೆಸರು ಆಮೇಲೆ. ಪ್ರೋಟೀನ್ ಒಂದು ಉದ್ದ ಸರ. ಸರಿಯಾಗಿ ಮಡಚಿಕೊಂಡರೆ ಸಾಮಾನ್ಯವಾಗಿ ಕೆಲಸಕ್ಕೆ ಬರುತ್ತದೆ. ಮಡಚಲು ನೆರವಾಗುವುದು ಶಾಪೆರೋನ್. ಸರಿಹೋಗದೆ ಉಳಿದದ್ದಕ್ಕೆ ಯುಬಿಕ್ವಿಟಿನ್ ಎಂಬ ಗುರುತು ಅಂಟುತ್ತದೆ. ಆ ಗುರುತು ನೋಡಿ ಪ್ರೋಟಿಯಾಸೋಮ್ ಅದನ್ನು ಚೂರು ಮಾಡುತ್ತದೆ. ಇಷ್ಟು ಸಾಕು. ಈ ಗುರುತಿನ ಕೆಲಸ ಕಂಡುಹಿಡಿದದ್ದಕ್ಕೆ ಸಿಕ್ಕ 2004ರ ನೊಬೆಲ್ ಬಗ್ಗೆ ಮುಕ್ಕಾಲು ಪುಟ ಬೇಡ, ಒಂದು ಸಾಲು ಬರೆಯಿರಿ.

ಮುಖ್ಯವಾದ ಪ್ರಶ್ನೆಯನ್ನು ನೀವು ಕೇಳಿಯೇ ಇಲ್ಲ. ಈ ಏರ್ಪಾಡು ಎಲ್ಲ ಕೋಶಗಳಲ್ಲೂ ಇದೆ. ಹಾಗಿದ್ದರೆ ಅದು ಸೋತಾಗ ಮೆದುಳಿಗೇ ಯಾಕೆ ಜಾಸ್ತಿ ಪೆಟ್ಟು? ಚರ್ಮದ ಕೋಶ ಒಡೆದು ಎರಡಾಗುತ್ತದೆ, ಸೇರಿದ ಕಸವೂ ಹಂಚಿಹೋಗುತ್ತದೆ. ನರಕೋಶಕ್ಕೆ ಆ ದಾರಿ ಇಲ್ಲ. ಅದು ಒಡೆಯುವುದಿಲ್ಲ, ಹುಟ್ಟಿನಿಂದ ಸಾಯುವ ತನಕ ಹೆಚ್ಚಿನವು ಅವೇ. ಆಕಾರವೂ ಕಷ್ಟದ್ದು. ಬೆನ್ನುಹುರಿಯಿಂದ ಪಾದಕ್ಕೆ ಹೋಗುವ ಎಳೆ ಸುಮಾರು 1 ಮೀಟರ್ ಉದ್ದ ಇರುತ್ತದೆ. ಅದರ ತುದಿಯಲ್ಲಿ ಕಟ್ಟಿದ ಕಸದ ಚೀಲ ಕೋಶದ ಒಡಲಿನ ಕಡೆಗೆ ಅಷ್ಟು ದೂರ ಸಾಗಬೇಕು. ಇದನ್ನು ಓದುಗರು ಕಣ್ಣಿಗೆ ಕಟ್ಟುವ ಹಾಗೆ ನೋಡಲಿ.

ನಿಮ್ಮ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಪುಟದ ನಾಲ್ಕು ಸಾಲು. 2006ರಲ್ಲಿ ಜಪಾನಿನ ಎರಡು ತಂಡಗಳು ಇಲಿಗಳ ನರಕೋಶಗಳಲ್ಲಿ ಆಟೋಫೇಜಿ, ಅಂದರೆ ಕೋಶ ತನ್ನ ಕಸವನ್ನು ತಾನೇ ಜೀರ್ಣಿಸುವ ಕೆಲಸ, ನಡೆಯದಂತೆ ಮಾಡಿದವು. ಒಂದು ತಂಡ ಈ ಕೆಲಸಕ್ಕೆ ಬೇಕಾದ ಎಟಿಜಿ5 ಜೀನ್ ತೆಗೆಯಿತು, ಇನ್ನೊಂದು ಎಟಿಜಿ7. ರೋಗ ತರುವ ಯಾವ ಪ್ರೋಟೀನನ್ನೂ ಸೇರಿಸಿರಲಿಲ್ಲ. ಆದರೂ ಕೋಶಗಳಲ್ಲಿ ಪ್ರೋಟೀನ್ ಗಂಟು ಕಟ್ಟಿತು, ಇಲಿಗಳ ನಡಿಗೆ ತಪ್ಪಿತು, ನರಕೋಶಗಳು ಸತ್ತವು. ಸುಮ್ನೆ ಗುಡಿಸುವುದು ನಿಂತದ್ದೇ ಸಾಕಾಯಿತು! ಲೇಖನ ಇಲ್ಲಿಂದಲೇ ಶುರುವಾಗಬೇಕು ಅಲ್ವಾ?

ಇನ್ನು ಒಂದು ಸಾಲನ್ನು ಪೂರ್ತಿ ತೆಗೆಯಿರಿ: ‘ಉಪವಾಸ ಮಾಡಿದರೆ ಆಲ್ಝೈಮರ್ ಬರುವುದಿಲ್ಲ.’ ಹಸಿದ ಯೀಸ್ಟ್ ಕೋಶದಲ್ಲಿ ಆಟೋಫೇಜಿ ಹೆಚ್ಚುವುದು ನಿಜ. 2016ರ ನೊಬೆಲ್ ಪಡೆದ ಯೋಶಿನೋರಿ ಓಸುಮಿ ಅದನ್ನೇ ನೋಡಿದ್ದು. ಅಲ್ಲಿಂದ ಮನುಷ್ಯರ ಮರೆವಿನ ರೋಗಕ್ಕೆ ಹಾರುವ ಹಾಗಿಲ್ಲ. ಈ ರೋಗವಿರುವ ಅಮ್ಮನನ್ನು ನೋಡಿಕೊಳ್ಳುವ ಮಗಳೊಬ್ಬಳು ಇದನ್ನು ಓದುತ್ತಾಳೆ. ಉಪವಾಸ ಮಾಡಿಸಿದ್ದರೆ ಅಮ್ಮ ಹೀಗಾಗುತ್ತಿರಲಿಲ್ಲವೇನೋ ಎಂದು ಕೊರಗುತ್ತಾಳೆ. ಆ ನೋವನ್ನು ನಾವು ಕೊಡುವುದು ಬೇಡ.

ಹೊಸ ಪ್ರತಿಗೆ ಕಾಯುತ್ತೇನೆ. ಪುಟ ಅರ್ಧಕ್ಕೆ ಇಳಿದರೂ ಪರವಾಗಿಲ್ಲ.

ಸಂಪಾದಕರು