ಎರಡನೆಯ ಓದಿನಲ್ಲಿ ಕಾಡುವ ಮುನಿಶಾಮಿ

ಪ್ರಶ್ನೆ: ಈ ವರ್ಷ ಆಸೆಪಟ್ಟು ಕೊಂಡು ತಂದ ಹೊಸ ಕಾದಂಬರಿಗಳಲ್ಲಿ ಒಂದನ್ನೂ ಮುಗಿಸಲಾಗಲಿಲ್ಲ. ಕೊನೆಗೆ ಹೈಸ್ಕೂಲಿನಲ್ಲಿದ್ದಾಗ ಓದಿದ್ದ, ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕತೆಗಳು' ಸರಣಿಯ ನಾಲ್ಕೂ ಭಾಗಗಳನ್ನು ಮತ್ತೆ ಓದಿದೆ. 'ಹುಲಿ ಕೊಲ್ಲುವ ಕತೆಯನ್ನು ಯಾಕಮ್ಮ ಅಷ್ಟು ಪ್ರೀತಿಯಿಂದ ಓದುತ್ತೀಯ?' ಎಂದು ಹನ್ನೆರಡು ವರ್ಷದ ಮಗಳು ಕೇಳಿದಾಗ ಉತ್ತರ ಹೊಳೆಯಲಿಲ್ಲ. ಅವಳ ಕೈಗೆ ಈ ಪುಸ್ತಕಗಳನ್ನು ಕೊಡಬಹುದೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಖಂಡಿತ ಕೊಡಿ. ಹೊಸ ಪುಸ್ತಕಗಳು ಮುಗಿಯಲಿಲ್ಲವೆಂದು ಬೇಸರಪಡಬೇಡಿ. ಅವು ಕಪಾಟಿನಲ್ಲಿ ಕಾಯುತ್ತವೆ.

ಕಳೆದ ಮಳೆಗಾಲದಲ್ಲಿ ನಾನೂ ಇದೇ ಸರಣಿಗೆ ಮರಳಿದ್ದೆ. ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ (1910–1974) ಇಂಗ್ಲಿಷಿನಲ್ಲಿ ಬರೆದ ಬೇಟೆಯ ಅನುಭವಗಳನ್ನು ತೇಜಸ್ವಿಯವರು ಪದಕ್ಕೆ ಪದವಿಟ್ಟು ಅನುವಾದಿಸದೆ, ಮೂಡಿಗೆರೆಯ ತೋಟದಲ್ಲಿ ಕುಳಿತು ಅಕ್ಕಪಕ್ಕದವರಿಗೆ ಹೇಳುವಂತೆ ಕನ್ನಡಕ್ಕೆ ತಂದುದರಿಂದ, ಈ ಕತೆಗಳು ಬೇರೆ ಭಾಷೆಯಿಂದ ಬಂದವೆಂದು ಓದುವಾಗ ಅನ್ನಿಸುವುದೇ ಇಲ್ಲ. ಬಾಲ್ಯದಲ್ಲಿ ನಾನು ಹುಲಿ ಯಾವಾಗ ಬರುತ್ತದೆ ಎಂದು ಪುಟ ಹಾರಿಸುತ್ತಿದ್ದೆ. ಈ ಸಲ ಕಣ್ಣು ನಿಂತದ್ದು ಮನುಷ್ಯರ ಮೇಲೆ.

ನಾಲ್ಕನೆಯ ಭಾಗವಾದ 'ಮುನಿಶಾಮಿ ಮತ್ತು ಮಾಗಡಿ ಚಿರತೆ'ಯನ್ನೇ ನೋಡಿ. ಬೆಂಗಳೂರಿನ ಅನನುಭವಿ ಶಿಕಾರಿಗಳನ್ನು ಯಾಮಾರಿಸಿ ಹೊಟ್ಟೆ ಹೊರೆಯುವ ಮುನಿಶಾಮಿಯ ಬಳಿ ಸತ್ತ ಚಿರತೆಯ ಪಾದವೊಂದಿದೆ. ಅದನ್ನು ಮಣ್ಣಿನ ಮೇಲೆ ಒತ್ತಿ ಹೆಜ್ಜೆಗುರುತು ಮೂಡಿಸಿ, 'ಚಿರತೆ ಇದೇ ದಾರಿಯಲ್ಲಿ ಹೋಗಿದೆ' ಎಂದು ದೊರೆಗಳನ್ನು ನಂಬಿಸುತ್ತಾನೆ. ಹುಡುಗನಾಗಿದ್ದಾಗ ಈ ಜಾಗದಲ್ಲಿ ಬಿದ್ದು ಬಿದ್ದು ನಕ್ಕಿದ್ದ ನನಗೆ ಈಗ ಅವನ ಬಡತನವೂ ಜಾಣ್ಮೆಯೂ ಒಟ್ಟಿಗೇ ಕಂಡು ಮನಸ್ಸು ಕಲಕಿತು. ಬೇಟೆಗಾರನಿಗೆ ಸಿಗುವಷ್ಟೇ ಜಾಗವನ್ನು ಇಂಥ ಮನುಷ್ಯನಿಗೂ ಕೊಟ್ಟಿರುವುದು ಈ ಪುಸ್ತಕಗಳ ದೊಡ್ಡತನವೆಂದು ನಾನು ನಂಬಿದ್ದೇನೆ.

ಇನ್ನು ನಿಮ್ಮ ಮಗಳ ಪ್ರಶ್ನೆ. ಅದು ಬಹಳ ನ್ಯಾಯವಾದ ಪ್ರಶ್ನೆ, ಅದನ್ನು ತಳ್ಳಿಹಾಕಬೇಡಿ. ಆಂಡರ್ಸನ್ ಅವರ ಮೊದಲ ಪುಸ್ತಕ ಹೊರಬಂದದ್ದು 1954ರಲ್ಲಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಮರುವರ್ಷ ಆರಂಭವಾದ ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲಿ ನಮ್ಮ ಬಂಡೀಪುರವೂ ಒಂದು. ಈ ಕಾಲದ ಅಂತರವನ್ನು ಅವಳಿಗೆ ಮೊದಲೇ ತಿಳಿಸಿ. ಆಮೇಲೆ, ಹುಲಿ ನರಭಕ್ಷಕವಾದದ್ದು ಏಕೆ ಎಂದು ಹುಡುಕುತ್ತಾ ಓದಲು ಹೇಳಿ. ಯಾರೋ ಗುರಿ ತಪ್ಪಿ ಹೊಡೆದು ಹಾಗೆಯೇ ಬಿಟ್ಟುಹೋದ ಗುಂಡಿನ ಗಾಯದಿಂದಲೋ, ಪಂಜಕ್ಕೆ ನಾಟಿದ ಮುಳ್ಳುಹಂದಿಯ ಮುಳ್ಳಿನಿಂದಲೋ ಓಡುವ ಬೇಟೆಯನ್ನು ಹಿಡಿಯಲಾರದ ಪ್ರಾಣಿ ಕೈಗೆ ಸುಲಭವಾಗಿ ಸಿಗುವ ಮನುಷ್ಯನತ್ತ ತಿರುಗುತ್ತದೆ ಎಂಬುದು ಗೊತ್ತಾದ ಮೇಲೆ, ಕತೆಯಲ್ಲಿ ತಪ್ಪಿತಸ್ಥ ಯಾರು ಎಂಬ ಪ್ರಶ್ನೆ ಅವಳಲ್ಲಿಯೇ ಏಳುತ್ತದೆ.

ಮೂರನೆಯ ಭಾಗ 'ಜಾಲಹಳ್ಳಿಯ ಕುರ್ಕ'. ಮೆಟ್ರೊ ನಿಲ್ದಾಣವಿರುವ ಇಂದಿನ ಜಾಲಹಳ್ಳಿಯನ್ನಷ್ಟೇ ಬಲ್ಲ ಮಕ್ಕಳಿಗೆ ಅಲ್ಲಿ ಚಿರತೆ ಓಡಾಡುತ್ತಿತ್ತೆಂಬುದೇ ಒಂದು ವಿಸ್ಮಯ. ಆದರೂ ನೀವು ಮಾಗಡಿಯ ಕತೆಯಿಂದಲೇ ಪ್ರಾರಂಭಿಸಿ. ರಾತ್ರಿ ಊಟವಾದ ಮೇಲೆ ನೀವೇ ಗಟ್ಟಿಯಾಗಿ ಓದಿ ಹೇಳಿ. ಮುನಿಶಾಮಿಯ ಬಗ್ಗೆ ಅವಳು ಏನೆಂದಳು ಎಂಬುದನ್ನು ಮರೆಯದೆ ಬರೆದು ತಿಳಿಸಿ.