ಗಾಣದ ಎಣ್ಣೆಯಲ್ಲಿ ವಿಟಮಿನ್ ಇ ಎಷ್ಟಿದೆ, ತಿಳಿಯೋದು ಹೇಗೆ?

ಪ್ರಶ್ನೆ: ಕುಮಟಾ ಹತ್ತಿರ ನಮ್ಮದೊಂದು ಸಣ್ಣ ಗಾಣ ಇದೆ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ತೆಗೆದು ಕಾರವಾರ, ಶಿರಸಿಯ ಅಂಗಡಿಗಳಿಗೆ ಕೊಡುತ್ತೇವೆ. ಬಾಟಲಿ ಮೇಲೆ ‘ವಿಟಮಿನ್ ಇ ಹೇರಳವಾಗಿದೆ’ ಅಂತ ಹಾಕಿಸಿ, ವ್ಯಾಪಾರ ಜಾಸ್ತಿ ಆಗುತ್ತೆ ಅಂತ ಅಂಗಡಿಯವರು ಹೇಳುತ್ತಾರೆ. ಇದನ್ನು ಅಳೆಯೋದು ಹೇಗೆ? ಮನೆಯಲ್ಲೇ ನೋಡಬಹುದಾ?
– ಓದುಗರು, ಕುಮಟಾ

ಉತ್ತರ: ಕೊಬ್ಬರಿ ಎಣ್ಣೆ ಬಾಟಲಿಗೆ ಮಾತ್ರ ಆ ಮಾತು ಹಾಕಿಸಬೇಡಿ. ಅದರಲ್ಲಿ ವಿಟಮಿನ್ ಇ ಇಲ್ಲ ಅನ್ನುವಷ್ಟು ಕಡಿಮೆ. 100 ಗ್ರಾಂ ಸೂರ್ಯಕಾಂತಿ ಎಣ್ಣೆಯಲ್ಲಿ ಸುಮಾರು 40 ಮಿಲಿಗ್ರಾಂ, ಶೇಂಗಾ ಎಣ್ಣೆಯಲ್ಲಿ 15ರ ಆಸುಪಾಸು ಇರುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಒಂದು ಮಿಲಿಗ್ರಾಂ ಸಿಗೋದೂ ಕಷ್ಟ. ಇದು ನಿಮ್ಮ ಗಾಣದ ತಪ್ಪಲ್ಲ, ತೆಂಗಿನಕಾಯಿಯ ಗುಣವೇ ಹಾಗೆ. ಕೊಬ್ಬರಿ ಎಣ್ಣೆ ತಿಂಗಳುಗಟ್ಟಲೆ ಕೆಡದೆ ಇರುತ್ತದಲ್ವಾ, ಅದು ವಿಟಮಿನ್ ಇ ಕಾರಣಕ್ಕೆ ಅಂತ ನಮ್ಮ ಕಡೆ ಕೆಲವರು ನಂಬಿದ್ದಾರೆ. ಹಾಗಲ್ಲ. ಆ ಎಣ್ಣೆಯಲ್ಲಿ ನೂರಕ್ಕೆ ಸುಮಾರು 90 ಪಾಲು ಸ್ಯಾಚುರೇಟೆಡ್ ಕೊಬ್ಬು, ಗಾಳಿ ತಾಗಿದರೂ ಅದು ಬೇಗ ಕಮಟುವುದಿಲ್ಲ.

ಇನ್ನು ಅಳೆಯುವ ವಿಷಯ. ವಿಟಮಿನ್ ಇ ಅಂದರೆ ಒಂದೇ ವಸ್ತು ಅಲ್ಲ. ನಾಲ್ಕು ಟೋಕೋಫೆರಾಲ್ (ಆಲ್ಫಾ, ಬೀಟಾ, ಗಾಮಾ, ಡೆಲ್ಟಾ), ಅದೇ ಹೆಸರುಗಳ ನಾಲ್ಕು ಟೋಕೋಟ್ರೈಯೆನಾಲ್, ಒಟ್ಟು ಎಂಟು. ದೇಹ ಮುಖ್ಯವಾಗಿ ಉಳಿಸಿಕೊಳ್ಳೋದು ಆಲ್ಫಾ ಟೋಕೋಫೆರಾಲನ್ನು. ಸೋಯಾ ಎಣ್ಣೆಯಲ್ಲಿ ಎಲ್ಲ ಕೂಡಿಸಿದರೆ ದೊಡ್ಡ ಅಂಕಿ ಬರುತ್ತದೆ, ಆದರೆ ಅದರಲ್ಲಿ ಹೆಚ್ಚಿನದು ಗಾಮಾ.

ಹಳೆಯ ಬಣ್ಣದ ಪರೀಕ್ಷೆ ಒಂದಿದೆ. ವಿಟಮಿನ್ ಇ ಕಬ್ಬಿಣದ ಲವಣದ ಜೊತೆ ಸೇರಿ ಅದರ ರೂಪ ಬದಲಿಸುತ್ತದೆ, ಬೈಪಿರಿಡಿಲ್ ಅನ್ನೋ ರಾಸಾಯನಿಕ ಹಾಕಿದಾಗ ಕೆಂಪು ಬಣ್ಣ ಬರುತ್ತದೆ, ಕೆಂಪು ಎಷ್ಟು ಗಾಢ ಅಂತ ಅಳೆಯುತ್ತಾರೆ. ತೊಂದರೆ ಏನೆಂದರೆ ಎಳ್ಳೆಣ್ಣೆಯಲ್ಲಿರುವ ಸೆಸಮಾಲ್ ಅನ್ನೋ ಬೇರೆ ವಸ್ತು ಕೂಡ ಅದೇ ಕೆಲಸ ಮಾಡುತ್ತದೆ. ಹಾಗಾಗಿ ಬಣ್ಣ ನೋಡಿ ಇಷ್ಟೇ ಅಂತ ಹೇಳೋಕಾಗಲ್ಲ.

ಈಗ ನಂಬೋದು ಎಚ್‌ಪಿಎಲ್‌ಸಿ ಯಂತ್ರವನ್ನು, ಅಂದರೆ ದ್ರವದಲ್ಲಿ ಬೆರೆತ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ. ಎಣ್ಣೆಯನ್ನು ತೂಗಿ, ಹೆಕ್ಸೇನ್ ಅನ್ನೋ ದ್ರಾವಕದಲ್ಲಿ ಕರಗಿಸಿ, ಸೋಸಿ, ಒಂದು ಹನಿಗಿಂತ ಕಡಿಮೆ ಯಂತ್ರಕ್ಕೆ ಬಿಡುತ್ತಾರೆ. ಒಳಗೆ ಸಿಲಿಕಾ ಪುಡಿ ತುಂಬಿದ, ಗೇಣುದ್ದದ ಸ್ಟೀಲ್ ಕೊಳವೆ. ಆಲ್ಫಾ ಸಿಲಿಕಾಗೆ ಅಷ್ಟಾಗಿ ಅಂಟಿಕೊಳ್ಳುವುದಿಲ್ಲ, ಮೊದಲು ಹೊರಬರುತ್ತದೆ, ಆಮೇಲೆ ಬೀಟಾ, ಗಾಮಾ, ಕೊನೆಗೆ ಡೆಲ್ಟಾ. ಹೊರಬಂದದ್ದರ ಮೇಲೆ 295 ನ್ಯಾನೋಮೀಟರಿನ ಬೆಳಕು ಬಿಟ್ಟರೆ ಅದು 330ರ ಸುಮಾರಿಗೆ ಬೇರೆ ಬೆಳಕು ಸೂಸುತ್ತದೆ. ಪರದೆ ಮೇಲೆ ಒಂದೊಂದಕ್ಕೂ ಒಂದು ಗುಡ್ಡ ಏಳುತ್ತದೆ. ಪ್ರಮಾಣ ಗೊತ್ತಿರುವ ಶುದ್ಧ ಟೋಕೋಫೆರಾಲಿನ ಗುಡ್ಡದ ಜೊತೆ ಹೋಲಿಸಿದರೆ ನಿಮ್ಮ ಎಣ್ಣೆಯ ಅಂಕಿ ಸಿಕ್ಕಿತು. ಲ್ಯಾಬಿನವರನ್ನು ಒಂದು ಮಾತು ಕೇಳಿ: ಸಿ18 ಅನ್ನೋ ಇನ್ನೊಂದು ಬಗೆಯ ಕಾಲಮ್ (ಕೊಳವೆ) ಬಳಸುತ್ತೀರಾ? ಅದರಲ್ಲಿ ಬೀಟಾ, ಗಾಮಾ ಒಟ್ಟಿಗೇ ಬರುತ್ತವೆ.

ಮನೆಯಲ್ಲಿ ಇದು ಆಗದು. ಆದರೆ ಫಲಿತಾಂಶ ಸರಿ ಬರುವುದು ಅರ್ಧ ನಿಮ್ಮ ಕೈಯಲ್ಲೇ ಇದೆ. ಬೆಳಕು, ಬಿಸಿ, ಗಾಳಿ ತಾಗಿದರೆ ವಿಟಮಿನ್ ಇ ಹಾಳಾಗುತ್ತದೆ. ಬಣ್ಣವಿಲ್ಲದ ಪಾರದರ್ಶಕ ಬಾಟಲಿಯಲ್ಲಿ ಕಿಟಕಿ ಹತ್ತಿರ ಬಿಸಿಲಿಗೆ ಬಿಟ್ಟಿದ್ದ ಸೂರ್ಯಕಾಂತಿ ಎಣ್ಣೆಯ ಆಲ್ಫಾ ಗುಡ್ಡ ಕುಗ್ಗಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ, ಎಣ್ಣೆ ನೋಡೋಕೆ ಮಾತ್ರ ಚೆನ್ನಾಗೇ ಇತ್ತು. ಆದ್ದರಿಂದ ಗಸಿ ಇಳಿದ ಮೇಲೆ ಕಂದು ಗಾಜಿನ ಬಾಟಲಿಗೆ ಕಂಠದವರೆಗೆ ತುಂಬಿ, ಮೇಲೆ ಗಾಳಿಗೆ ಜಾಗ ಬಿಡಬೇಡಿ. ಕೊಬ್ಬರಿ ಎಣ್ಣೆಯನ್ನೂ ಖಾತ್ರಿಗೆ ಕಳಿಸುವುದಾದರೆ, ಚಳಿಗೆ ಅದು ಹರಳುಗಟ್ಟಿರಬಹುದು. ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಪೂರ್ತಿ ಕರಗಿಸಿ, ಅಲುಗಾಡಿಸಿ ಆಮೇಲೆ ತುಂಬಿ. ಒಲೆ ಮೇಲೆ ಇಡಬೇಡಿ.

ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೇ ಕೊಡಿ, ರಿಪೋರ್ಟಿನಲ್ಲಿ ಆಲ್ಫಾ ಬೇರೆಯಾಗಿ ಬರಲಿ ಅಂತ ಬರೆದು ಕೇಳಿ. ಶೇಂಗಾ ಎಣ್ಣೆಯ ಅಂಕಿ ಕೈಗೆ ಬಂದ ಮೇಲೆ ಲೇಬಲ್ಲಿನ ನಿಯಮ ನೋಡಿಕೊಂಡು ಆ ಅಂಕಿಯನ್ನೇ ಹಾಕಿಸಿ. ಕೊಬ್ಬರಿ ಎಣ್ಣೆಗೆ ಗಾಣದಲ್ಲಿ ತೆಗೆದದ್ದು ಅಂತ ಬರೆದರೆ ಸಾಕು, ಅದರ ಪರಿಮಳ ನಮ್ಮ ಜನಕ್ಕೆ ಗೊತ್ತು.